ಡಿಕ್ಷನರಿ ಆಯಮ್ಮ

ಹೆರಿಗೆ ವಾರ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎದುರಿಗೆ ಆಯಮ್ಮ, ಬೆನ್ನ ಹಿಂದೆ ಡಿಕ್ಷನರಿ ಆಯಮ್ಮ. ಆ ಅಡ್ಡಹೆಸರು ಇಟ್ಟವರು ವಾರ್ಡಿನ ಹಿರಿಯ ಸಿಸ್ಟರ್. ತಮಾಷೆಗೆ ಇಟ್ಟದ್ದೇ ಆದರೂ ಆಯಮ್ಮನಿಗೆ ಒಳಗೊಳಗೇ ಅದು ಹಿಡಿಸಿತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಈಗ ದಿನವಿಡೀ ನೆಲ ಒರೆಸಿ, ಬೆಡ್‌ಪ್ಯಾನ್ ತೊಳೆದು, ರಕ್ತದ ಬಟ್ಟೆಗಳನ್ನು ಗಂಟು ಕಟ್ಟಿ ಲಾಂಡ್ರಿಗೆ ಕಳಿಸುವ ಹೆಂಗಸಿಗೆ ಅದಕ್ಕಿಂತ ದೊಡ್ಡ ಬಿರುದು ಇನ್ನೆಲ್ಲಿ ಸಿಗಬೇಕು?

ಅವಳು ಇಂಗ್ಲಿಷ್ ಕಲಿತದ್ದು ಓದಿ ಅಲ್ಲ, ನೋಡಿ. ಡಾಕ್ಟರು ಒಂದು ಮಾತು ಆಡಿದ ಮೇಲೆ ಏನು ನಡೆಯುತ್ತದೆ ಎಂದು ಕಣ್ಣಿಟ್ಟು ನೋಡುವುದು. ಮೂರು ಸಲ ಅದೇ ನಡೆದರೆ ಆ ಮಾತಿಗೆ ಅದೇ ಅರ್ಥ. 'ಸ್ಟೇಬಲ್' ಎಂದರೆ ಈ ಹೊತ್ತಿಗೆ ಭಯವಿಲ್ಲ. 'ಅಬ್ಸರ್ವೇಶನ್' ಎಂದರೆ ಏನಾಗಿದೆ ಅಂತ ಅವರಿಗೂ ಇನ್ನೂ ಗೊತ್ತಿಲ್ಲ. 'ನಾರ್ಮಲ್' ಎಂದರೆ ಹೊಟ್ಟೆ ಕೊಯ್ಯದೆ ಆದ ಹೆರಿಗೆ. 'ನೆಗೆಟಿವ್' ಒಳ್ಳೆಯ ಸುದ್ದಿ, 'ಪಾಸಿಟಿವ್' ಕೆಟ್ಟದ್ದು. ಇದನ್ನು ಮಾತ್ರ ಎಷ್ಟು ಬಿಡಿಸಿ ಹೇಳಿದರೂ ಜನ ತಲೆಕೆಳಗು ಮಾಡಿಕೊಳ್ಳುತ್ತಿದ್ದರು. 'ಸಾರಿ' ಎನ್ನುವುದನ್ನು ಕಾರಿಡಾರಿನಲ್ಲಿ ಭುಜ ತಗುಲಿಸಿಕೊಂಡವರು ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ. ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದರೆ ಎಲ್ಲ ಮುಗಿದಂತೆ.

ಈ ಕಲಿಕೆಯ ಹಿಂದೆ ಒಂದು ಗಾಯವಿತ್ತು. ಹದಿನಾಲ್ಕು ವರ್ಷದ ಹಿಂದೆ ಇದೇ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಅವಳ ಗಂಡ ಮಲಗಿದ್ದ. ಆಗ ಅವಳು ಒಂದು ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಒಂದು ಸಂಜೆ ಇಬ್ಬರು ಡಾಕ್ಟರು ಮಂಚದ ಪಕ್ಕ ನಿಂತು 'ಸಿಂಕಿಂಗ್, ಸಿಂಕಿಂಗ್' ಎಂದು ಮಾತಾಡಿಕೊಂಡರು. ಅವಳಿಗೆ ಗೊತ್ತಿದ್ದ ಸಿಂಕು ಒಂದೇ, ಪಾತ್ರೆ ತೊಳೆಯುವುದು. ವಾರ್ಡಿನ ಮೂಲೆಯ ಸಿಂಕು ಕಟ್ಟಿಕೊಂಡಿರಬೇಕು, ಯಾರನ್ನಾದರೂ ಕರೆಸುತ್ತಾರೆ ಎಂದುಕೊಂಡು, ಗಂಡನಿಗೆ ಬಿಸಿನೀರು ತರಲು ಫ್ಲಾಸ್ಕು ಹಿಡಿದು ಕೆಳಗಿಳಿದು ಹೋದಳು. ಸಾಲು ಉದ್ದವಿತ್ತು, ನಿಂತಳು. ಮೇಲೆ ಬರುವಷ್ಟರಲ್ಲಿ ಅವನ ಮುಖಕ್ಕೆ ಬಟ್ಟೆ ಎಳೆದಿದ್ದರು.

ಆಮೇಲೆ ಅದೇ ಆಸ್ಪತ್ರೆಯಲ್ಲಿ ಆಯಾ ಕೆಲಸ ಸಿಕ್ಕಿತು. ತಾನು ನಿಂತ ಹಾಗೆ ಇನ್ನೊಬ್ಬರು ಏನೂ ತಿಳಿಯದೆ ನಿಲ್ಲಬಾರದು ಅಂತ ಅವಳು ಒಂದೊಂದೇ ಮಾತು ಹೆಕ್ಕಿಕೊಳ್ಳತೊಡಗಿದಳು. ರೌಂಡ್ಸ್ ಮುಗಿದು ಡಾಕ್ಟರು ಬಾಗಿಲು ದಾಟಿದ ತಕ್ಷಣ ಮಂಚ ಮಂಚದಿಂದ ಜನ ಕುತ್ತಿಗೆ ಚಾಚುತ್ತಿದ್ದರು. "ಏನಂದ್ರು ಆಯಮ್ಮ?" ಅವಳು ಮಾಪನ್ನು ಗೋಡೆಗೆ ಒರಗಿಸಿ ಹೇಳುತ್ತಿದ್ದಳು. ಮೊದಮೊದಲು ಮರುಕದಿಂದ. ವರ್ಷ ಕಳೆದಂತೆ ಅದರಲ್ಲಿ ಸ್ವಲ್ಪ ಗತ್ತೂ ಸೇರಿಕೊಂಡಿತು. 'ನನಗೆ ಗೊತ್ತಿಲ್ಲ' ಎನ್ನುವ ಮಾತು ಅವಳ ಬಾಯಿಂದ ಹೊರಡುವುದು ನಿಂತುಹೋಯಿತು. ಗೊತ್ತಿಲ್ಲದ ಮಾತು ಬಂದರೆ ಮುಂದಿನ ಮತ್ತು ಹಿಂದಿನ ಮಾತು ಹಿಡಿದು ಜೋಡಿಸಿ ಒಂದು ಅರ್ಥ ಕಟ್ಟಿಕೊಡುತ್ತಿದ್ದಳು. ಹೆಚ್ಚಾಗಿ ಅದು ಸರಿಯೇ ಇರುತ್ತಿತ್ತು.

ಒಂದು ಸಲ ಆರನೇ ಬೆಡ್ಡಿನಲ್ಲಿ ಇದ್ದವಳು ಇಪ್ಪತ್ತಮೂರರ ಹೆಂಗಸು. ಗಂಡ ಟೈಲ್ಸ್ ಹಾಕುವ ಕೆಲಸದವನು. ಉಗುರಿನ ಸಂದಿಯಲ್ಲಿ ಸದಾ ಬಿಳಿ ಸಿಮೆಂಟು. ಎರಡನೇ ಹೆರಿಗೆ, ಸಿಸೇರಿಯನ್, ಹೆಣ್ಣುಮಗು. ಮೊದಲನೆಯದೂ ಹೆಣ್ಣೇ, ಮೂರು ವರ್ಷದ್ದು. ಅದನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಬಂದಿದ್ದರು. ತಾಯಿಗೆ ಅದೇ ಚಿಂತೆ. ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು.

"ಯಾವಾಗ ಬಿಡ್ತಾರೆ ಆಯಮ್ಮ? ದೊಡ್ಡವಳು ರಾತ್ರಿ ನನ್ನ ಕಿವಿ ಹಿಡ್ಕೊಂಡೇ ಮಲಗೋದು. ಬೇರೆಯವರ ಹತ್ರ ನಿದ್ದೆ ಮಾಡಲ್ಲ."

"ಬಿಡ್ತಾರಮ್ಮ. ಹೊಲಿಗೆ ಒಣಗಲಿ."

ಐದನೆಯ ದಿನ ಬೆಳಿಗ್ಗೆ ರೌಂಡ್ಸಿಗೆ ದೊಡ್ಡ ಡಾಕ್ಟರಮ್ಮ ಬಂದರು. ಜೊತೆಗೆ ಒಬ್ಬ ಕಿರಿಯ ಡಾಕ್ಟರು. ಹೊಟ್ಟೆಯ ಮೇಲಿನ ಪಟ್ಟಿ ಎತ್ತಿ ನೋಡಿದರು, ಹೊಲಿಗೆಯ ಪಕ್ಕ ಬೆರಳಿಂದ ಒತ್ತಿದರು. ಆ ಹೆಂಗಸು ಹಲ್ಲು ಕಚ್ಚಿಕೊಂಡಳು. ಡಾಕ್ಟರಮ್ಮ ಕಿರಿಯನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಒಂದಿಷ್ಟು ಹೇಳಿ ಏಳನೇ ಬೆಡ್ಡಿಗೆ ಸರಿದರು. ಎರಡು ಮಂಚದಾಚೆ ನೆಲ ಒರೆಸುತ್ತಿದ್ದ ಆಯಮ್ಮನಿಗೆ ಅದರಲ್ಲಿ ಮೂರು ಮಾತು ಸ್ಪಷ್ಟವಾಗಿ ಕೇಳಿದವು. ಡಿಸ್ಚಾರ್ಜ್. ಸೆಂಡ್. ಟುಡೇ.

ಮೂರೂ ಅವಳಿಗೆ ಅಂಗೈಯಷ್ಟು ಪರಿಚಯದ ಮಾತುಗಳು. ಡಿಸ್ಚಾರ್ಜ್ ಎಂದರೆ ಮನೆಗೆ. ಸೆಂಡ್ ಎಂದರೆ ಕಳಿಸು. ಟುಡೇ ಎಂದರೆ ಈವತ್ತು.

ಮಂಚದ ಪಕ್ಕ ನಿಂತಿದ್ದ ಟೈಲ್ಸಿನವನ ಕಿವಿಗೂ ಮೊದಲನೆಯ ಮಾತು ಬಿದ್ದಿತ್ತು. "ಡಿಸ್ಚಾರ್ಜ್ ಅಂದ ಹಾಗಾಯ್ತು. ಹೌದಾ ಆಯಮ್ಮ?"

"ಹೌದಪ್ಪ. ಈವತ್ತೇ ಕಳಿಸು ಅಂದ್ರು. ಗಂಟುಮೂಟೆ ಕಟ್ಕೊಳ್ಳಿ."

ಆ ತಾಯಿಯ ಮುಖ ಅರಳಿದ್ದನ್ನು ಆಯಮ್ಮನಿಗೆ ಮುಂದೆ ಎಷ್ಟು ಪ್ರಯತ್ನಿಸಿದರೂ ಮರೆಯಲಾಗಲಿಲ್ಲ.

ಹನ್ನೊಂದು ಗಂಟೆಗೆ ಹೆರಿಗೆ ಕೋಣೆಯಲ್ಲಿ ಒಂದು ಕಷ್ಟದ ಕೇಸು ಬಂತು. ಡಾಕ್ಟರು, ಸಿಸ್ಟರು ಎಲ್ಲರೂ ಅತ್ತ ಓಡಿದರು. ಟೈಲ್ಸಿನವನು ಚಡಪಡಿಸುತ್ತಿದ್ದ. ಮೇಸ್ತ್ರಿಯ ಗಾಡಿ ಗೇಟಿನ ಹೊರಗೆ ನಿಂತಿತ್ತು, ಹನ್ನೆರಡಕ್ಕೆ ಅದು ಸಾಮಾನು ತುಂಬಲು ಹೋಗಬೇಕು.

"ಚೀಟಿ ಕೊಟ್ಟಿಲ್ವಲ್ಲ ಆಯಮ್ಮ."

"ಸಿಸ್ಟರ್ ಈಗ ಹೊರಗೆ ಬರಲ್ಲ. ಚೀಟಿ ನಾಳೆ ಬಂದು ತಗೊಂಡ್ರೂ ಆಗುತ್ತೆ. ಹಸಿ ಬಾಣಂತಿನ ಬಸ್ಸಲ್ಲಿ ಕುಲುಕಿಸ್ಕೊಂಡು ಹೋಗ್ತೀಯಾ? ಗಾಡಿ ಇರುವಾಗ ಹೊರಡು."

ಹಾಗೆ ಹೋದವರು ಹಿಂದೆಯೂ ಇದ್ದರು, ಏನೂ ಆಗಿರಲಿಲ್ಲ. ಆಯಮ್ಮ ಮಗುವನ್ನು ತಾನೇ ಎತ್ತಿಕೊಂಡು ಗೇಟಿನವರೆಗೆ ಬಂದಳು. ಕಾವಲಿನವನು ಪಾಸು ಕೇಳಿದ. "ಡಿಸ್ಚಾರ್ಜಪ್ಪ, ಬಿಡು," ಎಂದಳು. ಅವನು ಬಿಟ್ಟ. ಗಾಡಿ ಹತ್ತುವಾಗ ಟೈಲ್ಸಿನವನು, ಮರದ ಮಿಲ್ಲಿನ ಹಿಂದಿನ ಸಾಲುಮನೆ ತಮ್ಮದು, ಆ ಕಡೆ ಬಂದರೆ ಬರಬೇಕು ಎಂದ. ಅದು ಅವಳ ಮನೆಯ ದಾರಿಯಲ್ಲೇ, ಎರಡು ಸ್ಟಾಪು ಮೊದಲು. ಎರಡು ಗಂಟೆಗೆ ಶಿಫ್ಟು ಮುಗಿಸಿ ಅವಳು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಬಕೆಟ್ಟಿಗೆ ಫಿನಾಯಿಲ್ ಸುರಿಯುತ್ತಿದ್ದಾಗ ಹಿರಿಯ ಸಿಸ್ಟರ್ ಬಂದು ನಿಂತರು.

"ನೋಡಿದ್ಯಾ, ಆರನೇ ಬೆಡ್ಡಿನವರು ಯಾರಿಗೂ ಹೇಳದೆ ಓಡಿಹೋಗಿದ್ದಾರೆ. ಗಾಯ ಸೋರ್ತಿತ್ತು. ಡಿಸ್ಚಾರ್ಜ್ ತೆಗೆದು ಈವತ್ತೇ ಲ್ಯಾಬಿಗೆ ಕಳಿಸಿ ಅಂತ ಮೇಡಂ ಹೇಳಿ ಹೋಗಿದ್ರು. ಡಾಕ್ಟರು ಬಂದು ನೋಡಿದರೆ ಮಂಚ ಖಾಲಿ. ಕೊಟ್ಟ ಫೋನ್ ನಂಬರೂ ಸರಿ ಇಲ್ಲ, ವಿಳಾಸಕ್ಕೆ ಬರೀ ಊರ ಹೆಸರು. ಅಬ್ಸ್ಕಾಂಡಿಂಗ್ ಅಂತ ಬರೆದೆ, ಇನ್ನೇನು ಮಾಡಲಿ?"

ಆಯಮ್ಮನ ಕೈಯಲ್ಲಿದ್ದ ಬಾಟಲಿ ಬಗ್ಗಿದ್ದು ಬಗ್ಗಿದಂತೆಯೇ ಇತ್ತು. ಫಿನಾಯಿಲ್ ಸುರಿದು ಅರ್ಧ ಬಕೆಟ್ಟು ಬೆಳ್ಳಗಾಯಿತು.

"ಯಾಕೆ ಹಾಗೆ ಸುರೀತೀಯ? ಮೈಮೇಲೆ ಜ್ಞಾನ ಇಲ್ವಾ?" ಎಂದು ಸಿಸ್ಟರ್ ಹೊರಟುಹೋದರು.

ಮನೆ ಎಲ್ಲಿದೆ ಎಂದು ಆ ಆಸ್ಪತ್ರೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಹೇಳಲಿಲ್ಲ. ಹೇಳಿದರೆ ಯಾರು ಕಳಿಸಿದ್ದು ಎಂಬ ಪ್ರಶ್ನೆ ಬರುತ್ತದೆ, ಗೇಟಿನವನು ಬೆರಳು ತೋರಿಸುತ್ತಾನೆ, ಇರುವ ಒಂದು ಕೆಲಸಕ್ಕೆ ಕುತ್ತು. ಆ ಹೆಂಗಸು ಚೆನ್ನಾಗಿಯೇ ನಡೆದುಕೊಂಡು ಹೋದಳಲ್ಲ, ಹೊಲಿಗೆ ಬಿಚ್ಚಿಸಲು ಬಂದೇ ಬರುತ್ತಾಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಮಧ್ಯಾಹ್ನ ಮನೆಗೆ ಹೋಗುವಾಗ ಬಸ್ಸು ಮರದ ಮಿಲ್ಲಿನ ಹತ್ತಿರ ನಿಂತಾಗ ಸೀಟಿನಿಂದ ಅರ್ಧ ಎದ್ದಳು. ಹಿಂದಿದ್ದವನು, "ಇಳಿಯೋದಾದ್ರೆ ಇಳೀರಮ್ಮ," ಎಂದ. ಅವಳು ಕೂತಳು. ಮರುದಿನ ಕಿಟಕಿಯ ಕಡೆ ನೋಡಲೇ ಇಲ್ಲ.

ಮೂರನೆಯ ದಿನ ಟೈಲ್ಸಿನವನು ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಅವಳ ಮೈ ಕೆಂಡದ ಹಾಗೆ ಸುಡುತ್ತಿತ್ತು, ಮಾತು ತೊದಲುತ್ತಿತ್ತು. ಪಟ್ಟಿ ಬಿಚ್ಚಿದಾಗ ಬಂದ ವಾಸನೆಗೆ ಪಕ್ಕದ ಮಂಚದವರು ಮೂಗಿಗೆ ಸೆರಗು ಹಿಡಿದರು. ಕಿರಿಯ ಡಾಕ್ಟರು ಸಿಡುಕಿದರು.

"ಯಾರ್ರೀ ನಿಮಗೆ ಹೋಗೋಕೆ ಹೇಳಿದ್ದು?"

"ಡಿಸ್ಚಾರ್ಜ್ ಅಂತ ನೀವೇ ಹೇಳಿದ್ರಲ್ಲ ಸಾರ್. ಮೇಡಂ ಹೇಳಿದ್ದನ್ನ ನಾನು ಈ ಕಿವಿಯಲ್ಲಿ ಕೇಳಿದೀನಿ."

"ಯಾರೂ ಹೇಳಿಲ್ಲ. ಸುಳ್ಳು ಹೇಳಬೇಡಿ."

ಅವನು ದಿಕ್ಕುಗಾಣದವನಂತೆ ಸುತ್ತ ನೋಡಿದ. ಬಾಗಿಲ ಬಳಿ ಆಯಮ್ಮ ನಿಂತಿದ್ದಳು. ಅವನ ಕಣ್ಣಿನಲ್ಲಿ ಅವಳ ಮೇಲೆ ದೂರು ಇರಲಿಲ್ಲ. ಸಾಕ್ಷಿ ಹೇಳು ಎಂಬ ಬೇಡಿಕೆ ಇತ್ತು, ಅಷ್ಟೇ. ಅವನ ಪಾಲಿಗೆ ಡಾಕ್ಟರು ಹೇಳಿದ್ದು ನಿಜ, ಆಯಮ್ಮ ತಿಳಿಸಿದ್ದೂ ನಿಜ. ಈಗ ಡಾಕ್ಟರು ಮಾತು ತಿರುಗಿಸುತ್ತಿದ್ದಾರೆ. ಆಯಮ್ಮ ತಲೆ ತಗ್ಗಿಸಿ ಮಾಪು ಹಿಂಡಿದಳು. ನಂಜು ರಕ್ತಕ್ಕೆ ಏರಿತ್ತು. ಮರುದಿನ ಮಧ್ಯಾಹ್ನ, ಸಂದರ್ಶಕರ ಹೊತ್ತಿನಲ್ಲಿ, ಆ ಹೆಂಗಸು ತೀರಿಕೊಂಡಳು. ಡಾಕ್ಟರಮ್ಮ ಕನ್ನಡಕ ತೆಗೆದು ಹೇಳಿದ ಮಾತಿಗೆ ಅರ್ಥ ಹೇಳಬೇಕಾದ ಅಗತ್ಯ ಯಾರಿಗೂ ಬೀಳಲಿಲ್ಲ.

ಆಯಮ್ಮನ ಮಗಳು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಒಂದೇ ಕೋಣೆಯ ಮನೆ, ಇಬ್ಬರಿಗೆ ಒಂದು ಮಂಚ. ಅಮ್ಮ ಊಟ ಬಿಟ್ಟದ್ದು, ಮಾತು ಬಿಟ್ಟದ್ದು ಮಗಳ ಕಣ್ಣಿಗೆ ಬೀಳದೆ ಇರಲಿಲ್ಲ. ಕೇಳಿದರೆ ತಲೆನೋವು ಎನ್ನುವ ಉತ್ತರ. ಹತ್ತು ದಿನ ಕಳೆದ ಮೇಲೆ ಒಂದು ಭಾನುವಾರ ಅಮ್ಮನೇ ಕೇಳಿದಳು.

"ನಿನ್ನ ಶಾಲೆ ಡಿಕ್ಷನರಿ ಇದೆಯಲ್ಲ, ಅದರಲ್ಲಿ ಡಿಸ್ಚಾರ್ಜ್ ಅಂದ್ರೆ ಏನಂತ ನೋಡು."

"ಅದೇನು ನೋಡೋದು? ನಿನಗೇ ಗೊತ್ತಲ್ಲ."

"ನೋಡು ಅಂದೆ."

ಮಗಳು ರಟ್ಟು ಹರಿದ ಪುಸ್ತಕವನ್ನು ಟ್ರಂಕಿನಿಂದ ತೆಗೆದು ಬೆರಳಿಟ್ಟು ಓದಿ, ಓದಿದ್ದನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು. "ಬಿಡುಗಡೆ ಮಾಡೋದು. ಕೈದಿನ ಬಿಡೋದು. ಬಂದೂಕು ಹಾರಿಸೋದು. ಹೊಳೆ ನೀರು ಹೊರಗೆ ಹರಿಯೋದು. ಕರ್ತವ್ಯ ಮಾಡಿ ಮುಗಿಸೋದು." ಪುಟ ತಿರುಗಿಸಿದಳು. "ಗಾಯದಿಂದ ಕೀವು, ರಸಿಗೆ ಸೋರೋದು."

"ಅದು ಎಷ್ಟನೇದು?"

"ಆರನೇದು. ಯಾಕಮ್ಮ?"

ಆಗ ಆಯಮ್ಮ ಎಲ್ಲವನ್ನೂ ಹೇಳಿದಳು, ಬಸ್ಸಿನಲ್ಲಿ ಅರ್ಧ ಎದ್ದು ಕೂತದ್ದರ ತನಕ. ಮಗಳು ಪುಸ್ತಕ ಮುಚ್ಚಿ ಟ್ರಂಕಿಗೆ ಹಾಕಿದಳು. ಅಮ್ಮನಿಗೆ ಬೇಕಿದ್ದದ್ದು 'ನಿನ್ನ ತಪ್ಪಲ್ಲ' ಎಂಬ ಒಂದು ಮಾತು. ಮಗಳು ಅದನ್ನು ಹೇಳಲಿಲ್ಲ.

"ಮಾತು ತಪ್ಪಾಗಿ ತಿಳ್ಕೊಂಡಿದ್ದು ಬಿಡು, ಅದು ಯಾರಿಗಾದ್ರೂ ಆಗುತ್ತೆ. ಮಾರನೇ ದಿನ ಯಾಕಮ್ಮ ಬಾಯಿ ಬಿಡಲಿಲ್ಲ?"

ಆಯಮ್ಮನ ಹತ್ತಿರ ಇದ್ದ ಉತ್ತರ ಕೆಲಸ, ಕೋಣೆಯ ಬಾಡಿಗೆ, ಮಗಳ ಮುಂದಿನ ದಿನ.

ತಿಂಗಳು ಕಳೆದಿರಬಹುದು. ಒಂದು ಬೆಳಿಗ್ಗೆ ಟೈಲ್ಸಿನವನು ವಾರ್ಡಿನ ಮೆಟ್ಟಿಲ ಬಳಿ ಅವಳಿಗಾಗಿ ಕಾಯುತ್ತಿದ್ದ. ಗಡ್ಡ ಬಿಟ್ಟಿದ್ದ. ಕೈಯಲ್ಲಿ ರೆಕಾರ್ಡ್ ರೂಮಿನಿಂದ ಪಡೆದ ಒಂದು ಹಾಳೆ.

"ಆಯಮ್ಮ, ಇದೊಂದು ಓದಿ ಹೇಳ್ತೀರಾ? ಅತ್ತೆ ಮನೆಯವರು ಎರಡೂ ಮಕ್ಕಳನ್ನ ಕರ್ಕೊಂಡು ಹೋಗಿದ್ದಾರೆ. ಆಸ್ಪತ್ರೆಯಿಂದ ಹೆಂಡ್ತಿನ ಕದ್ದು ಎಳ್ಕೊಂಡು ಹೋಗಿ ಕೊಂದೆ ಅಂತಾರೆ. ಭಾವಮೈದ ಈ ಕಾಗದ ನೋಡಿ, ಇಲ್ಲೇ ಬರೆದಿದೆಯಲ್ಲ ಅಂದ. ಏನು ಬರೆದಿದೆ ಅಂತ ನನಗೆ ಹೇಳಲಿಲ್ಲ. ಈ ಮಾತು." ಸಿಮೆಂಟು ಮೆತ್ತಿದ ಬೆರಳನ್ನು ಒಂದು ಸಾಲಿನ ಕೆಳಗೆ ಇಟ್ಟ.

ಅವಳಿಗೆ ಅಕ್ಷರ ಕೂಡಿಸಿ ಓದಲು ಸ್ವಲ್ಪ ಹೊತ್ತು ಹಿಡಿಯಿತು. ಯಾವ ಮಾತು ಎಂದು ಓದುವ ಮೊದಲೇ ಗೊತ್ತಿತ್ತು.

"ಅಬ್ಸ್ಕಾಂಡಿಂಗ್," ಎಂದಳು. "ಹೇಳದೆ ಕೇಳದೆ ಓಡಿಹೋದರು ಅಂತ. ಕಳ್ಳರಿಗೆ ಹೇಳ್ತಾರಲ್ಲ, ತಲೆ ತಪ್ಪಿಸ್ಕೊಂಡ ಅಂತ, ಆ ಮಾತು."

ಅವನು ಹಾಳೆಯನ್ನು ಮಡಿಸಿದ, ಮತ್ತೆ ಬಿಚ್ಚಿದ. "ಆದ್ರೆ ಅವರೇ ಹೇಳಿದ್ರಲ್ಲ ಆಯಮ್ಮ. ನೀವೂ ಕೇಳಿದ್ರಲ್ಲ."

"ಅವರು ಹೇಳಲಿಲ್ಲಪ್ಪ," ಎಂದಳು ಅವಳು. "ಗಾಯದಿಂದ ಸೋರೋದಕ್ಕೂ ಅದೇ ಮಾತಂತೆ. ಅದನ್ನ ಲ್ಯಾಬಿಗೆ ಕಳಿಸಿ ಅಂದಿದ್ರು. ನಾನು ನಿಮ್ಮನ್ನ ಮನೆಗೆ ಕಳಿಸಿದೆ. ಮಾರನೇ ದಿನವೇ ನನಗೆ ಗೊತ್ತಾಯ್ತು. ನಿಮ್ಮ ಮನೆ ಗೊತ್ತಿತ್ತು. ಬರಲಿಲ್ಲ. ಹೆದರಿಕೊಂಡೆ."

ಅವನು ಮೆಟ್ಟಿಲ ಮೇಲೆ ಕೂತ. ಜನ ಅವನನ್ನು ಬಳಸಿಕೊಂಡು ಹತ್ತಿ ಇಳಿಯುತ್ತಿದ್ದರು. ಹೊಡೆಯುತ್ತಾನೆ ಎಂದುಕೊಂಡಳು, ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತು. ಅವನು ತಲೆ ಎತ್ತದೆಯೇ ಕೇಳಿದ.

"ಇದನ್ನ ದೊಡ್ಡವರ ಎದುರಿಗೆ ಹೇಳ್ತೀರಾ?"

"ಹೇಳ್ತೀನಿ."

"ನನ್ನ ಅತ್ತೆ ಎದುರಿಗೂ?"

"ಹೇಳ್ತೀನಿ."

ಸೂಪರಿಂಟೆಂಡೆಂಟರ ಕೋಣೆಯಲ್ಲಿ ಅವರಿಬ್ಬರಿಗೂ ಕೂರಲು ಯಾರೂ ಹೇಳಲಿಲ್ಲ. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಕೇಳಿ ಮುಗಿಸಿದ ಸೂಪರಿಂಟೆಂಡೆಂಟರು, ಕೇಸ್ ಶೀಟಿನಲ್ಲಿ ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ಬೇಕಾದರೆ ಅವಳ ಹೇಳಿಕೆ ಬರೆಸಿಕೊಂಡು ಜೊತೆಗೆ ಲಗತ್ತಿಸಬಹುದು ಎಂದರು. ಗುಮಾಸ್ತ ಬರೆದ. ಅವಳು ಕೆಳಗೆ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಇಳಿಸಿದಳು. ಆ ವಾರವೇ ಅವಳನ್ನು ವಾರ್ಡಿನಿಂದ ತೆಗೆದು ಲಾಂಡ್ರಿಗೆ ಹಾಕಿದರು. ರೋಗಿಯ ಮೇಲೆ ನಿಗಾ ಇಡಲಿಲ್ಲವೆಂದು ಹಿರಿಯ ಸಿಸ್ಟರಿಗೆ ಮೆಮೊ ಸಿಕ್ಕಿತು. ಅವರು ಕಾರಿಡಾರಿನಲ್ಲಿ ಎದುರಾದಾಗ ಒಮ್ಮೆ ನಿಂತರು.

"ಅವತ್ತು ನಾನು ನಿನ್ನ ಮುಂದೆ ಅಷ್ಟೆಲ್ಲ ಹೇಳ್ಕೊಂಡೆ. ಕಲ್ಲಿನ ಹಾಗೆ ನಿಂತಿದ್ದೆಯಲ್ಲೇ." ಆಮೇಲೆ ಅವರು ಅವಳ ಜೊತೆ ಮಾತಾಡಿದ್ದಿಲ್ಲ.

ಅತ್ತೆಯ ಮನೆಗೆ ಎರಡು ಗಂಟೆಯ ಬಸ್ಸು ದಾರಿ. ಟೈಲ್ಸಿನವನು ಮುಂದಿನ ಸೀಟಿನಲ್ಲಿ, ಆಯಮ್ಮ ಹಿಂದಿನ ಸೀಟಿನಲ್ಲಿ. ಬರುತ್ತೇನೆಂದು ಹಟ ಹಿಡಿದ ಮಗಳು ಪಕ್ಕದಲ್ಲಿ. ಮನೆಯ ಬಾಗಿಲಲ್ಲಿ ಭಾವಮೈದ ಅಡ್ಡ ನಿಂತ. "ಇವಳ್ಯಾರು? ಯಾರನ್ನೋ ಹಿಡ್ಕೊಂಡು ಬಂದು ಕಥೆ ಹೇಳಿಸ್ತೀಯಾ?" ಒಳಗಿನಿಂದ ಅವನ ತಾಯಿ, ಬಿಡೋ, ಏನು ಹೇಳ್ತಾರೋ ಹೇಳಲಿ ಎಂದರು.

ಆಕೆ ಗೋಡೆಗೆ ಒರಗಿ ಕೂತಿದ್ದರು, ಮಡಿಲಲ್ಲಿ ಕೂಸು ನಿದ್ದೆ ಮಾಡುತ್ತಿತ್ತು. ದೊಡ್ಡ ಮಗು ಅಪ್ಪನನ್ನು ಕಂಡದ್ದೇ ಓಡಿಬಂದು ಕಾಲು ತಬ್ಬಿಕೊಂಡಿತು. ಆಯಮ್ಮ ನೆಲದ ಮೇಲೆ ಕೂತು, ಸೂಪರಿಂಟೆಂಡೆಂಟರಿಗೆ ಹೇಳಿದ್ದನ್ನೇ ಮತ್ತೆ ಹೇಳಿದಳು. ಆ ಸಲಕ್ಕಿಂತ ಇದು ಕಷ್ಟವಾಯಿತು. ಯಾರೂ ನೀರು ಕೊಡಲಿಲ್ಲ.

ಎಲ್ಲ ಮುಗಿದ ಮೇಲೆ ಆ ತಾಯಿ ಕೇಳಿದ್ದು ಒಂದೇ ಪ್ರಶ್ನೆ.

"ಹೊರಡುವಾಗ ನನ್ನ ಮಗಳು ಹೇಗಿದ್ದಳು?"

"ನಗ್ತಿದ್ದರು. ದೊಡ್ಡ ಮಗುನ ನೋಡಬಹುದು ಅಂತ."

ಆಕೆ ಕೂಸಿನ ತಲೆಯ ಮೇಲೆ ಕೈಯಾಡಿಸುತ್ತಾ ಹೇಳಿದರು: "ನೀನು ಇಷ್ಟು ದೂರ ಬಂದು ಹೇಳಿದೆ. ಅದಕ್ಕೆ ನಿನ್ನನ್ನ ಬಯ್ಯಲ್ಲ. ಕ್ಷಮಿಸು ಅಂತ ಮಾತ್ರ ಕೇಳಬೇಡ. ಅದು ನನ್ನ ಹತ್ರ ಇಲ್ಲ. ಇನ್ನು ಹೊರಡು."

ಟೈಲ್ಸಿನವನು ದೊಡ್ಡ ಮಗುವನ್ನು ಆ ದಿನವೇ ಕರೆದುಕೊಂಡು ಹೊರಟ. ಅತ್ತೆ ಬೇಡವೆನ್ನಲಿಲ್ಲ. ಕೂಸು ಅಜ್ಜಿಯ ಹತ್ತಿರವೇ ಉಳಿಯಿತು. ಭಾನುವಾರಗಳಲ್ಲಿ ಅವನು ಬಂದು ನೋಡಬಹುದು ಎಂದಾಯಿತು. ಬಸ್ ಸ್ಟಾಪಿನಲ್ಲಿ ಮಗು ಅವನ ಹೆಗಲ ಮೇಲೆ ನಿದ್ದೆ ಹೋಗಿತ್ತು, ಅದರ ಬೆರಳುಗಳು ಅವನ ಕಿವಿಯನ್ನು ಗಟ್ಟಿಯಾಗಿ ಹಿಡಿದಿದ್ದವು. ಬಸ್ಸು ಬಂದಾಗ ಅವನು ಆಯಮ್ಮನ ಕಡೆ ತಿರುಗಿದ.

"ನೀವು ಮುಂದಿನ ಬಸ್ಸಿಗೆ ಬನ್ನಿ," ಎಂದ. "ನಿಮ್ಮ ಮುಖ ನೋಡ್ಕೊಂಡು ಅಷ್ಟು ದೂರ ಕೂರೋಕೆ ನನ್ನ ಕೈಲಾಗಲ್ಲ."

ಅಮ್ಮ ಮಗಳು ಮುಂದಿನ ಬಸ್ಸಿಗೆ ಬಂದರು. ಅದಕ್ಕೆ ಒಂದೂವರೆ ಗಂಟೆ ಕಾಯಬೇಕಾಯಿತು.

ಲಾಂಡ್ರಿಯಲ್ಲಿ ಆಯಮ್ಮ ಇನ್ನೂ ಆರು ವರ್ಷ ದುಡಿದಳು. ನೆಲಮಾಳಿಗೆಯ ಕೋಣೆ, ಗೋಡೆಗಳೆಲ್ಲ ಹಬೆಯಿಂದ ಒದ್ದೆ, ಮೆಷಿನ್ನಿನ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಹಳೆಯ ರೋಗಿಗಳ ಕಡೆಯವರು ಯಾರೋ ಹೇಳಿ ಕಳಿಸಿ, ಜನ ಚೀಟಿ ಹಿಡಿದು ಅಲ್ಲಿಗೂ ಇಳಿದು ಬರುತ್ತಿದ್ದರು. ಅವಳು ಕೈ ಒರೆಸಿಕೊಂಡು ಹಾಳೆಯನ್ನು ನೋಡದೆಯೇ ಹಿಂದಕ್ಕೆ ಕೊಟ್ಟು, "ಸಿಸ್ಟರನ್ನೇ ಕೇಳಿ, ಎರಡು ಸಲ ಕೇಳಿ, ಬಿಡಿಸಿ ಹೇಳುವ ತನಕ ಬಿಡಬೇಡಿ," ಎನ್ನುತ್ತಿದ್ದಳು. ಕೆಲವರು ಸುಮ್ಮನೆ ಹೋಗುತ್ತಿದ್ದರು. ಒಬ್ಬ ಮುದುಕ ಮಾತ್ರ ನಿಟ್ಟುಸಿರು ಬಿಡುತ್ತಾ ಮೆಟ್ಟಿಲು ಹತ್ತುವಾಗ, ಅವಳಿಗೆ ಕೇಳಿಸುವ ಹಾಗೆಯೇ, "ಗೊತ್ತಿದ್ದೂ ಹೇಳಲ್ಲ ಮಹಾತಾಯಿ, ಎಷ್ಟು ಜಂಬ ನೋಡು," ಎಂದ. ಆಯಮ್ಮ ಅಂದಿನ ಹಾಸುಬಟ್ಟೆಗಳ ಗಂಟು ಬಿಚ್ಚಿ, ಒಂದೊಂದನ್ನೇ ಝಾಡಿಸಿ ಮೆಷಿನ್ನಿಗೆ ಹಾಕತೊಡಗಿದಳು.